ಮೆತ್ತನೆಯ ಸ್ಪ್ರಿಂಗ್‌ಗಳ ಹಠವಾದಿ ಕಾಲಿನ್ ಚಾಪ್‌ಮನ್

ಸ್ಪೋರ್ಟ್ಸ್ ಕಾರು ಎಂದರೆ ಬಿಗಿಯಾದ ಸ್ಪ್ರಿಂಗ್, ಬೆನ್ನುಮೂಳೆ ಕುಲುಕುವ ಸವಾರಿ ಎಂಬುದು ಬಹುಕಾಲದ ನಂಬಿಕೆ. ಸ್ಪ್ರಿಂಗ್ ಬಿಗಿಯಾದಷ್ಟೂ ಕಾರು ತಿರುವಿನಲ್ಲಿ ವಾಲುವುದಿಲ್ಲ, ವಾಲದಷ್ಟೂ ಚುರುಕು ಎಂಬುದು ಅದರ ಹಿಂದಿನ ತರ್ಕ. ಈ ನಂಬಿಕೆಯನ್ನು ತಲೆಕೆಳಗು ಮಾಡಿದವರಲ್ಲಿ ಪ್ರಮುಖನಾದವನು ಲೋಟಸ್ ಕಂಪೆನಿಯ ಸ್ಥಾಪಕ, ಬ್ರಿಟನ್ನಿನ ಕಾಲಿನ್ ಚಾಪ್‌ಮನ್. ವಿಪರ್ಯಾಸವೆಂದರೆ, ರೇಸಿಂಗ್ ಜಗತ್ತನ್ನು ಹಿಂದೆಂದೂ ಇಲ್ಲದಷ್ಟು ಬಿಗಿಯಾದ ಸ್ಪ್ರಿಂಗ್‌ಗಳ ಕಡೆಗೆ ನೂಕಿದವನೂ ಆತನೇ.

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ ಸಮೀಪದ ರಿಚ್ಮಂಡ್‌ನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಕಟ್ಟಡ, ಸೇತುವೆಗಳ ರಚನೆಗೆ ಸಂಬಂಧಿಸಿದ ಎಂಜಿನಿಯರಿಂಗ್. ಅಲ್ಲಿಯೇ ವಿಮಾನ ಹಾರಿಸುವುದನ್ನೂ ಕಲಿತ. ಕನಿಷ್ಠ ಲೋಹದಿಂದ ಗರಿಷ್ಠ ಬಲ ಪಡೆಯುವ ವಿಮಾನ ನಿರ್ಮಾಣದ ವಿದ್ಯೆ ಆತನ ಚಿಂತನೆಯ ತಳಹದಿಯಾಯಿತು. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ, ಮರುಜೋಡಿಸಿ ಮೊದಲ ಲೋಟಸ್ ಕಾರನ್ನು ಸಿದ್ಧಪಡಿಸಿದ. 1952ರಲ್ಲಿ ಲೋಟಸ್ ಎಂಜಿನಿಯರಿಂಗ್ ಸ್ಥಾಪನೆಯಾದಾಗ ನೆರವಿಗೆ ಬಂದದ್ದು ಗೆಳತಿ ಹೇಝಲ್ ವಿಲಿಯಮ್ಸ್ ನೀಡಿದ 25 ಪೌಂಡ್ ಸಾಲ. ಎರಡು ವರ್ಷಗಳ ನಂತರ ಇಬ್ಬರೂ ವಿವಾಹವಾದರು.

ಸ್ವಂತ ಕಂಪೆನಿ ಕಟ್ಟುತ್ತಿರುವಾಗಲೇ ಚಾಪ್‌ಮನ್‌ನ ಖ್ಯಾತಿ ಹೊರಗೂ ಹಬ್ಬಿತು. ವ್ಯಾನ್‌ವಾಲ್ ತಂಡದ ಫಾರ್ಮುಲಾ ಒನ್ ಕಾರಿಗೆ ಹೊಸ ಚಾಸಿಸ್ ರೂಪಿಸಿಕೊಟ್ಟ. ಅದೇ ತಂಡ 1958ರಲ್ಲಿ ಮೊಟ್ಟಮೊದಲ ಕನ್‌ಸ್ಟ್ರಕ್ಟರ್ಸ್ ಪ್ರಶಸ್ತಿ ಗೆದ್ದಿತು.

ಸಂಖ್ಯೆಯ ಆಟ

ಚಾಪ್‌ಮನ್‌ನ ಸಾಧನೆ ಅರ್ಥವಾಗಬೇಕಾದರೆ ಒಂದು ಸಣ್ಣ ಲೆಕ್ಕ ನೋಡಬೇಕು. ಎರಡು ಕಾರುಗಳ ಸ್ಪ್ರಿಂಗ್ ಬಿಗಿತವನ್ನು ಬರೀ ಅಂಕಿಗಳಿಂದ ಹೋಲಿಸಿದರೆ ಏನೂ ತಿಳಿಯದು. ಚಕ್ರದ ಬಳಿ ಮಿಲಿಮೀಟರಿಗೆ 20 ನ್ಯೂಟನ್ ಬಿಗಿತವಿದೆ ಎಂದುಕೊಳ್ಳಿ. ಆ ಚಕ್ರದ ಮೇಲೆ 200 ಕಿಲೋ ಭಾರವಿದ್ದರೆ ಕಾರು ಸೆಕೆಂಡಿಗೆ ಸುಮಾರು 1.6 ಬಾರಿ ತೂಗುತ್ತದೆ. ಭಾರ 400 ಕಿಲೋ ಆದರೆ ಕೇವಲ 1.1 ಬಾರಿ. ಅಂದರೆ ಅದೇ ಸ್ಪ್ರಿಂಗ್ ಹಗುರ ಕಾರಿಗೆ ಬಿಗಿ, ಭಾರದ ಕಾರಿಗೆ ಮೆತ್ತಗೆ! ಸ್ಪ್ರಿಂಗ್ ಕೂರಿಸಿದ ಜಾಗವೂ ಮುಖ್ಯ. ಸಸ್ಪೆನ್ಷನ್ ತೋಳಿನ ನಟ್ಟನಡುವೆ ಕೂರಿಸಿದರೆ ಅದರ ಬಿಗಿತದ ನಾಲ್ಕರಲ್ಲೊಂದು ಪಾಲು ಮಾತ್ರ ಚಕ್ರಕ್ಕೆ ತಲುಪುತ್ತದೆ.

1962ರಲ್ಲಿ ಬಂದ ಲೋಟಸ್ ಎಲಾನ್ ಈ ಲೆಕ್ಕಾಚಾರದ ಅತ್ಯುತ್ತಮ ಫಲ. ಅದೇ ವರ್ಷದ ಎಂಜಿಬಿ ಕಾರಿನ ಹಿಂಭಾಗದಲ್ಲಿ ಇನ್ನೂ ಪಟ್ಟೆಗಳ ಲೀಫ್ ಸ್ಪ್ರಿಂಗ್ ಮತ್ತು ಇಡಿಯ ಆಕ್ಸಲ್ ಇದ್ದವು. 1961ರ ಜಾಗ್ವಾರ್ ಇ-ಟೈಪ್ ಮುಂಭಾಗದಲ್ಲಿ ತಿರುಚುವ ಟಾರ್ಷನ್ ಬಾರ್, ಹಿಂಭಾಗದಲ್ಲಿ ನಾಲ್ಕು ಕಾಯಿಲ್ ಸ್ಪ್ರಿಂಗ್ ಹೊತ್ತಿತ್ತು. ಅದರ ತೂಕ 1,200 ಕಿಲೋ ಮೀರಿತ್ತು. ಎಲಾನ್ ತೂಗಿದ್ದು 700 ಕಿಲೋಗಿಂತ ಕಡಿಮೆ. ಅಷ್ಟು ಹಗುರವಾಗಿದ್ದರೂ ಅದರ ಸ್ಪ್ರಿಂಗ್‌ಗಳು ಮೆತ್ತಗಿದ್ದವು, ಚಕ್ರಗಳಿಗೆ ಮೇಲೆ ಕೆಳಗೆ ಆಡಲು ಧಾರಾಳ ಅವಕಾಶವಿತ್ತು. ಹಳ್ಳದಿಣ್ಣೆಯ ರಸ್ತೆಯಲ್ಲೂ ಟೈರು ನೆಲ ಬಿಡುತ್ತಿರಲಿಲ್ಲ. ಟೈರು ನೆಲ ಬಿಡದಿದ್ದರೆ ಹಿಡಿತವೂ ತಪ್ಪುವುದಿಲ್ಲ.

ಆದರೆ ಮೆತ್ತನೆಯ ಸ್ಪ್ರಿಂಗ್ ಪುಕ್ಕಟೆ ಸಿಗುವುದಿಲ್ಲ. ಕಾರು ವಾಲುತ್ತದೆ, ವಾಲಿದಾಗಲೂ ಟೈರು ನೆಟ್ಟಗೆ ನಿಲ್ಲುವಂತೆ ತೋಳುಗಳನ್ನು ಜೋಡಿಸಬೇಕು. ಚಾಸಿಸ್ ತಿರುಚಿಕೊಂಡರೆ ಅದೇ ಇನ್ನೊಂದು ಸ್ಪ್ರಿಂಗ್ ಆಗುತ್ತದೆ, ಅದನ್ನು ತಡೆಯಲು ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಆದ್ದರಿಂದಲೇ ಎಲಾನ್‌ಗೆ ಬೆನ್ನೆಲುಬಿನಂಥ ಉಕ್ಕಿನ ಚಾಸಿಸ್, ಫೈಬರ್‌ಗ್ಲಾಸ್ ಮೈ. ಅದೇ ವರ್ಷ ಬಂದ ಲೋಟಸ್ 25 ರೇಸ್ ಕಾರಿಗೆ ವಿಮಾನದ ಒಡಲಿನಂಥ ಮಾನೊಕಾಕ್ ಕವಚ. ಅದರಲ್ಲಿ ಜಿಮ್ ಕ್ಲಾರ್ಕ್ 1963ರ ವಿಶ್ವ ಚಾಂಪಿಯನ್ ಆದ.

ಹಗುರತನದ ಬೆಲೆ

ಹಗುರತನದ ಗೀಳಿಗೆ ಇನ್ನೊಂದು ಮುಖವಿತ್ತು. 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಚಕ್ರ ಕಳಚಿ ಸ್ಟರ್ಲಿಂಗ್ ಮಾಸ್, ಸ್ಟಿಯರಿಂಗ್ ಮುರಿದು ಮೈಕ್ ಟೇಲರ್ ತೀವ್ರವಾಗಿ ಗಾಯಗೊಂಡರು. ಇಬ್ಬರೂ ಓಡಿಸುತ್ತಿದ್ದುದು ಲೋಟಸ್ ಕಾರುಗಳನ್ನೇ. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಕ್ಲಾರ್ಕ್ ಮಡಿದ. ಆಪ್ತಮಿತ್ರನ ಸಾವು ಚಾಪ್‌ಮನ್‌ನನ್ನು ಜರ್ಝರಿತಗೊಳಿಸಿತು. ಲೋಟಸ್ ಕಾರುಗಳ ದುರ್ಬಲ ಭಾಗಗಳ ಬಗ್ಗೆ ಪತ್ರ ಬರೆದು ಎಚ್ಚರಿಸಿದ್ದ ಯೋಹೆನ್ ರಿಂಟ್ 1970ರ ಸೆಪ್ಟೆಂಬರ್ 5ರಂದು ಮಾಂಝಾದಲ್ಲಿ ಅಸುನೀಗಿದ. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಆತನಿಗೆ ಮರಣೋತ್ತರವಾಗಿ ಸಂದಿತು. ಆತ ಓಡಿಸುತ್ತಿದ್ದ ಲೋಟಸ್ 72ರಲ್ಲಿ ಕಾಯಿಲ್ ಸ್ಪ್ರಿಂಗ್ ಬದಲು ಟಾರ್ಷನ್ ಬಾರ್‌ಗಳಿದ್ದವು. ಮೊದಲು ಮೆತ್ತಗಿದ್ದು, ಒತ್ತಿದಷ್ಟೂ ಬಿಗಿಯಾಗುವ ವ್ಯವಸ್ಥೆ ಅದು.

1977ರ ಲೋಟಸ್ 78 ಮತ್ತು ಮರುವರ್ಷದ ಲೋಟಸ್ 79 ಕಾರುಗಳಲ್ಲಿ ತಂಡ ಕಾರಿನ ತಳವನ್ನೇ ತಲೆಕೆಳಗಾದ ರೆಕ್ಕೆಯಂತೆ ರೂಪಿಸಿತು. ನುಗ್ಗುವ ಗಾಳಿ ಕಾರನ್ನು ನೆಲಕ್ಕೆ ಹೀರಿಕೊಳ್ಳುತ್ತಿತ್ತು. 1978ರಲ್ಲಿ ಮಾರಿಯೊ ಆಂಡ್ರೆಟ್ಟಿ ಚಾಂಪಿಯನ್ ಆದ. ಸಹಸ್ಪರ್ಧಿ ರಾನಿ ಪೀಟರ್ಸನ್ ಮಾಂಝಾ ಅಪಘಾತದ ಬಳಿಕ ಕೊನೆಯುಸಿರೆಳೆದ. ಈ ಹೀರುವಿಕೆಗೆ ಕಾರು ಮತ್ತು ನೆಲದ ನಡುವಿನ ಅಂತರ ಬದಲಾಗಬಾರದು. ಪರಿಣಾಮವಾಗಿ ಎಲ್ಲ ತಂಡಗಳೂ ಸ್ಪ್ರಿಂಗ್ ಬಿಗಿಗೊಳಿಸುತ್ತ ಹೋದವು. 1981ರ ಹೊತ್ತಿಗೆ ಕೆಲವು ಕಾರುಗಳಿಗೆ ಸಸ್ಪೆನ್ಷನ್ ಇದ್ದೂ ಇಲ್ಲದಂತಾಗಿ, ಚಾಲಕರ ಮೈ ಜಜ್ಜಿಹೋಗುತ್ತಿತ್ತು.

ಚಾಪ್‌ಮನ್ ಕಂಡುಕೊಂಡ ಉತ್ತರ 1981ರ ಲೋಟಸ್ 88. ಅದರಲ್ಲಿ ಒಂದರೊಳಗೊಂದು ಎರಡು ಚಾಸಿಸ್. ಗಾಳಿಯ ಒತ್ತಡ ಹೊರುವ ಹೊರಕವಚಕ್ಕೆ ಬಿಗಿಯಾದ ಸ್ಪ್ರಿಂಗ್, ಚಾಲಕನೂ ಎಂಜಿನ್ನೂ ಇರುವ ಒಳಭಾಗಕ್ಕೆ ಮೆತ್ತನೆಯ ಸ್ಪ್ರಿಂಗ್. ಎದುರಾಳಿ ತಂಡಗಳು ಪ್ರತಿಭಟಿಸಿದವು, ಅಧಿಕಾರಿಗಳು ನಿಷೇಧಿಸಿದರು. ಒಂದೇ ಒಂದು ರೇಸಿನಲ್ಲೂ ಸ್ಪರ್ಧಿಸದೆ ಆ ಕಾರು ಮೂಲೆ ಸೇರಿತು. ಚಾಪ್‌ಮನ್‌ಗೆ ಆದ ಕಹಿ ಅಷ್ಟಿಷ್ಟಲ್ಲ.

ಕೊನೆಯ ವರ್ಷಗಳು ಕಳಂಕರಹಿತವಾಗಿರಲಿಲ್ಲ. ಡಿಲೋರಿಯನ್ ಕಾರು ಯೋಜನೆಗೆ ಬ್ರಿಟಿಷ್ ಸರ್ಕಾರ ನೀಡಿದ್ದ ಹಣ ದಾರಿತಪ್ಪಿದ ಪ್ರಕರಣದಲ್ಲಿ ಆತನ ಹೆಸರೂ ಕೇಳಿಬಂತು. ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್‌ಗೆ 1992ರಲ್ಲಿ ಸೆರೆವಾಸವಾಯಿತು. ಅಷ್ಟರಲ್ಲಿ ಚಾಪ್‌ಮನ್ ವಿಚಾರಣೆಗೆ ಸಿಗದಷ್ಟು ದೂರ ಹೋಗಿಯಾಗಿತ್ತು. 1982ರ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ, ಹೃದಯಾಘಾತ ಆತನನ್ನು ಕರೆದೊಯ್ದಿತ್ತು. ಆಗ ತಂಡದ ಖಾತೆಯಲ್ಲಿ ಏಳು ಕನ್‌ಸ್ಟ್ರಕ್ಟರ್ಸ್ ಪ್ರಶಸ್ತಿಗಳಿದ್ದವು.

ಬಿಗಿಯೋ ಮೆತ್ತಗೋ ಎಂಬ ಪ್ರಶ್ನೆಗೆ ಆತನ ತಂಡ ಹುಡುಕುತ್ತಿದ್ದ ಮುಂದಿನ ಉತ್ತರ ಆಕ್ಟಿವ್ ಸಸ್ಪೆನ್ಷನ್. ಕಂಪ್ಯೂಟರ್ ಆಜ್ಞೆಯಂತೆ ಹೈಡ್ರಾಲಿಕ್ ಶಕ್ತಿ ಕ್ಷಣಕ್ಷಣಕ್ಕೂ ಚಕ್ರಗಳನ್ನು ಹೊಂದಿಸುವ ಈ ವ್ಯವಸ್ಥೆಯನ್ನು ಹೊತ್ತ ಲೋಟಸ್ 92, 1983ರಲ್ಲಿ ಬ್ರೆಜಿಲ್‌ನಲ್ಲಿ ರೇಸಿಗಿಳಿಯಿತು. 1987ರಲ್ಲಿ ಐರ್ಟನ್ ಸೆನ್ನಾ ಅದೇ ತಂತ್ರದ ಲೋಟಸ್‌ನಲ್ಲಿ ಮೊನಾಕೊ ಮತ್ತು ಡೆಟ್ರಾಯಿಟ್ ರೇಸ್‌ಗಳನ್ನು ಗೆದ್ದ. 1994ರಿಂದ ಫಾರ್ಮುಲಾ ಒನ್ ಅದನ್ನೂ ನಿಷೇಧಿಸಿತು. ಆದರೆ ಚಾಪ್‌ಮನ್ ಮುಂದಿಟ್ಟ ಮೂಲಪಾಠಕ್ಕೆ ನಿಷೇಧವಿಲ್ಲ: ಮೊದಲು ಭಾರ ಇಳಿಸಿ, ಸ್ಪ್ರಿಂಗಿನ ಮಾತು ಆಮೇಲೆ.