ಗಗನವೀರ ಅಜ್ಜಮಾಡ ದೇವಯ್ಯ

ರಾಜ್ಯೋತ್ಸವ ಬಂದಾಗ ನಾವು ಕನ್ನಡನಾಡಿನ ಅರಸರನ್ನೂ ಕವಿಗಳನ್ನೂ ನೆನೆಯುವುದು ವಾಡಿಕೆ. ಸಾಬರಮತಿಯ ದಡದಲ್ಲಿ ನೆಲೆಸಿರುವ ನಾವು ಈ ಸಲ ಆಕಾಶದಲ್ಲಿ ಕಾದಾಡಿ ಮಡಿದ ಕೊಡಗಿನ ವೀರನೊಬ್ಬನನ್ನು ನೆನೆಯೋಣ.

೧೯೬೫ರ ಯುದ್ಧವನ್ನು ಗುಜರಾತು ಮರೆತಿಲ್ಲ. ಆ ವರ್ಷ ಸೆಪ್ಟೆಂಬರ್ ೧೯ರಂದು ಮುಖ್ಯಮಂತ್ರಿ ಬಲವಂತರಾಯ್ ಮೆಹ್ತಾ ಅವರಿದ್ದ ನಿರಾಯುಧ ವಿಮಾನವನ್ನು ಕಚ್ಛದ ಸುಥರಿಯ ಬಳಿ ಪಾಕಿಸ್ತಾನದ ಯುದ್ಧವಿಮಾನವು ಹೊಡೆದುರುಳಿಸಿತು. ಅವರ ಪತ್ನಿಯೂ ಸೇರಿ ಎಂಟು ಮಂದಿ ಅಸುನೀಗಿದರು. ಅದಕ್ಕೆ ಹನ್ನೆರಡು ದಿನ ಮೊದಲೇ ದೇವಯ್ಯನವರು ವೈರಿಯ ಆಕಾಶದಲ್ಲಿ ಪ್ರಾಣವನ್ನರ್ಪಿಸಿದ್ದರು.

ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರು ಜನಿಸಿದ್ದು ೧೯೩೨ರ ಡಿಸೆಂಬರ್ ೨೪ರಂದು. ತಂದೆ ವೈದ್ಯರು. ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುವ ನಾಡಿನ ಮಗನಿಗೆ ಸೈನ್ಯದ ಹಾದಿ ಹೊಸದಲ್ಲ. ಆದರೆ ಅವರು ಹಿಡಿದುದು ಬಾನಿನ ಹಾದಿ. ೧೯೫೪ರಲ್ಲಿ ವಾಯುಪಡೆಯ ಅಧಿಕಾರಿಯಾದರು. ಮುಂದೆ ಕಿರಿಯರಿಗೆ ಹಾರಾಟ ಕಲಿಸುವ ಗುರುವಾದರು. ಯುದ್ಧ ಬಂದಾಗ ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಬಂದು ಸೇರಿದರು.

ಸೆಪ್ಟೆಂಬರ್ ೬ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ನೆಲೆಯ ಮೇಲೆ ದಾಳಿಮಾಡಿದವು. ಮರುದಿನ ಬೆಳಗಿನ ಜಾವಕ್ಕೆ ಸರಗೋಧಾ ನೆಲೆಯ ಮೇಲೆ ಪ್ರತಿದಾಳಿ ನಿಶ್ಚಯವಾಯಿತು. ವಿಂಗ್ ಕಮಾಂಡರ್ ತನೇಜಾ ಅವರ ನಾಯಕತ್ವದಲ್ಲಿ ಹನ್ನೆರಡು ಮಿಸ್ಟೇರ್ ವಿಮಾನಗಳು ಹೋಗಬೇಕು. ದೇವಯ್ಯನವರದು ಕಾದಿರಿಸಿದ ಸ್ಥಾನ. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ. ಒಂದು ವಿಮಾನ ಹಿಂದುಳಿಯಿತು, ಅವರು ಹೊರಟರು.

ಮರಳುವಾಗ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ವೈಮಾನಿಕನ ಸ್ಟಾರ್‌ಫೈಟರ್ ಅವರನ್ನು ಅಡ್ಡಗಟ್ಟಿತು. ಅದು ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲ ಅಮೆರಿಕದ ವಿಮಾನ. ಫ್ರಾನ್ಸಿನಲ್ಲಿ ತಯಾರಾದ ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಅಲ್ಲದೆ ತಂದ ಇಂಧನವು ಹೋಗಿ ಬರುವುದಕ್ಕಷ್ಟೇ ಸಾಲುವಂತಿತ್ತು. ಕಾದಾಟಕ್ಕೆ ನಿಂತರೆ ಮನೆಗೆ ಮರಳುವ ಆಸೆ ಬಿಡಬೇಕು. ದೇವಯ್ಯನವರ ವಿಮಾನಕ್ಕೆ ಗುಂಡುಗಳು ತಗುಲಿದವು. ಆದರೂ ಅವರು ಓಡಲಿಲ್ಲ, ತಿರುಗಿ ನಿಂತರು. ಅತಿವೇಗದ ವಿಮಾನಕ್ಕೆ ಚಿಕ್ಕ ಸುತ್ತಿನಲ್ಲಿ ತಿರುಗುವುದು ಕಷ್ಟ; ಸುತ್ತಾಟದ ಕಾಳಗಕ್ಕೆ ಇಳಿದ ಸ್ಟಾರ್‌ಫೈಟರ್ ತನ್ನ ಮೇಲುಗೈಯನ್ನು ತಾನೇ ಕಳೆದುಕೊಂಡಿತು. ದೇವಯ್ಯನವರ ಗುಂಡು ಅದನ್ನು ಕೆಡವಿತು. ಅಮ್ಜದ್ ಹೊರಗೆ ಹಾರಿ ಬದುಕಿಕೊಂಡರು. ದೇವಯ್ಯನವರು ಬರಲಿಲ್ಲ. ಅವರಿಗೆ ಆಗ ಮೂವತ್ತೆರಡು ವರ್ಷ.

ಆ ಕಾಳಗವನ್ನು ನಮ್ಮವರಾರೂ ನೋಡಿರಲಿಲ್ಲ. ಆದಂಪುರಕ್ಕೆ ತಿಳಿದುದು ಇಷ್ಟೇ: ಒಬ್ಬರು ಹಿಂದಿರುಗಲಿಲ್ಲ. ಮಡದಿ ಸುಂದರಿಯವರಿಗೆ ಗಂಡನ ದೇಹವೂ ಸಿಗಲಿಲ್ಲ, ಅವರು ಹೇಗೆ ಮಡಿದರೆಂಬ ವಾರ್ತೆಯೂ ಸಿಗಲಿಲ್ಲ.

೧೯೭೯ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಪುಸ್ತಕ ಬರೆದರು. ಮಿಸ್ಟೇರೊಂದು ಸ್ಟಾರ್‌ಫೈಟರನ್ನು ಕೆಡವಿದ ಸಂಗತಿ ಅದರಲ್ಲಿತ್ತು. ತನೇಜಾ ಅವರು ತಾಳೆ ನೋಡಿದರು. ಅಂದಿನ ತಮ್ಮ ತಂಡದಲ್ಲಿ ಮರಳದವರು ದೇವಯ್ಯ ಒಬ್ಬರೇ. ಅವರು ಸರಕಾರಕ್ಕೆ ಬರೆದುಕೊಂಡರು. ಕಡೆಗೆ ೧೯೮೮ರಲ್ಲಿ ಮರಣೋತ್ತರ ಮಹಾವೀರ ಚಕ್ರವನ್ನು ಸುಂದರಿಯವರು ಸ್ವೀಕರಿಸಿದರು. ನಡುವೆ ಇಪ್ಪತ್ತಮೂರು ವರ್ಷ ಕಳೆದಿತ್ತು.

ಲೆಕ್ಕ ಬರೆಯುವುದೇ ವೃತ್ತಿಯಾದ ನಮ್ಮಂಥವರಿಗೆ ಇದರಲ್ಲಿ ಪಾಠವಿದೆ. ಬಾಕಿ ಎಷ್ಟು ಹಳೆಯದಾದರೂ ಅದು ಬಾಕಿಯೇ. ಅದನ್ನು ಸಲ್ಲಿಸಲು ಬೇಕಾದ ಸಾಕ್ಷ್ಯವು ವೈರಿಯ ಕಡೆಯಿಂದ ಬಂದಿತು; ಅದನ್ನು ಹಿಡಿದು ಹಟತೊಟ್ಟು ನಿಂತವರು ಅಂದಿನ ನಾಯಕರು. ಮೆಹ್ತಾ ಅವರ ವಿಮಾನವನ್ನು ಉರುಳಿಸಿದ ಪಾಕಿಸ್ತಾನಿ ವೈಮಾನಿಕ ಕೈಸ್ ಹುಸೇನರೂ ೨೦೧೧ರಲ್ಲಿ ಆ ವಿಮಾನದ ಚಾಲಕರ ಮಗಳಿಗೆ ವಿಷಾದದ ಪತ್ರ ಬರೆದರು. ಸತ್ಯಕ್ಕೆ ಗಡಿಯಿಲ್ಲ, ತಡವಾದರೂ ಅದು ಬಂದೇ ಬರುತ್ತದೆ.

ಮಡಿಕೇರಿಯ ಒಂದು ವೃತ್ತಕ್ಕೆ ಇಂದು ದೇವಯ್ಯನವರ ಹೆಸರಿದೆ. ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳನ್ನು ಅಲ್ಲಿ ಒಂದು ಗಳಿಗೆ ನಿಲ್ಲಿಸಿ ಈ ಕಥೆಯನ್ನು ಹೇಳೋಣ.