ಹಕೀಮ್ ಅಜ್ಮಲ್ ಖಾನ್ ಮತ್ತು ನಮ್ಮ ಮದ್ದಿನ ಡಬ್ಬ

ಕಳೆದ ವರ್ಷ ನನ್ನ ತರಗತಿಯ ಹುಡುಗನೊಬ್ಬ ಮೈ ಕಟ್ಟುವ ಪುಡಿಯ ಡಬ್ಬ ತಂದು ತೋರಿಸಿದ. ಮೇಲೆ ಪೈಲ್ವಾನನ ಚಿತ್ರ, ಶೇಕಡಾ ನೂರು ನೈಸರ್ಗಿಕ ಎಂಬ ಬರಹ. ತಯಾರಿಸಿದವರ ವಿಳಾಸ ಮಾತ್ರ ಎಲ್ಲೂ ಇರಲಿಲ್ಲ. ಗಿಡಮೂಲಿಕೆ ತಾನೇ ಸಾರ್, ಏನಾಗುತ್ತದೆ ಎಂಬುದು ಅವನ ವಾದ. ಆಗ ನನಗೆ ನೆನಪಾದವರು ಹಕೀಮ್ ಅಜ್ಮಲ್ ಖಾನ್.

1868ರಲ್ಲಿ ದೆಹಲಿಯ ಪ್ರಸಿದ್ಧ ಹಕೀಮರ ಮನೆತನದಲ್ಲಿ ಹುಟ್ಟಿದ ಅವರು ರಾಂಪುರದ ನವಾಬರ ವೈದ್ಯರಾಗಿದ್ದರು. ಬಲ್ಲಿಮಾರಾನ್‌ನ ಶರೀಫ್ ಮಂಜಿಲ್‌ಗೆ ಬಂದ ಬಡವರಿಗೆ ಉಚಿತವಾಗಿ ಮದ್ದು ಕೊಡುತ್ತಿದ್ದರು. 1921ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದುದು, ಜಾಮಿಯಾ ಮಿಲಿಯಾದ ಮೊದಲ ಕುಲಪತಿಯಾದುದು ನಿಮಗೆ ತಿಳಿದೇ ಇದೆ. ನಾನು ಹೇಳಹೊರಟಿರುವುದು ಅವರ ಇನ್ನೊಂದು ಹೋರಾಟದ ಬಗ್ಗೆ.

1912ರಲ್ಲಿ ಬೊಂಬಾಯಿ ಸರ್ಕಾರ ವೈದ್ಯರ ನೋಂದಣಿ ಕಾನೂನು ತಂದಿತು. ಅದರಲ್ಲಿ ಹಕೀಮರಿಗೂ ವೈದ್ಯರಿಗೂ ಜಾಗವಿರಲಿಲ್ಲ. ಅಜ್ಮಲ್ ಖಾನರು ಇಬ್ಬರನ್ನೂ ಒಂದೇ ಸಮ್ಮೇಳನದಡಿ ಸೇರಿಸಿ ವಿರೋಧಿಸಿದರು. ಹಾಗೆಂದು ಅವರು ಶಿಸ್ತನ್ನೇ ಬೇಡವೆಂದವರಲ್ಲ. ಹೊರಗಿನಿಂದ ಕಾನೂನು ಬರುವ ಮೊದಲೇ ಒಳಗಿನಿಂದ ಶಿಸ್ತು ತರಲು ದುಡಿದವರು. ಅವರ ಹಿಂದೂಸ್ತಾನಿ ದವಾಖಾನೆಯಲ್ಲಿ ಯುನಾನಿ, ಆಯುರ್ವೇದ ಎರಡರ ಮದ್ದುಗಳೂ ತಯಾರಾಗುತ್ತಿದ್ದವು. ಅದರ ಆದಾಯ ತಿಬ್ಬಿಯಾ ಕಾಲೇಜಿಗೆ ಹೋಗುತ್ತಿತ್ತು. ಆ ಕಾಲೇಜಿನ ಹೊಸ ಕಟ್ಟಡವನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. 1927ರ ಡಿಸೆಂಬರಿನಲ್ಲಿ ರಾಂಪುರದಲ್ಲಿ ಹಕೀಮರು ತೀರಿಕೊಂಡರು.

ಔಷಧ ಕಾನೂನು ಬಂದದ್ದು 1940ರಲ್ಲಿ. ಯುನಾನಿ, ಆಯುರ್ವೇದ ಮದ್ದುಗಳು ಅದರ ವ್ಯಾಪ್ತಿಗೆ ಬರಲು 1964ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅಂದಿನಿಂದ ಮಾರಾಟಕ್ಕೆಂದು ಮಾಜೂನ್ ಮಾಡುವವರೂ ಪರವಾನಗಿ ಪಡೆಯಬೇಕು. ದತ್ತೂರಿ, ಅಫೀಮು, ವತ್ಸನಾಭಿಯಂಥ ವಿಷವಸ್ತುಗಳ ಪಟ್ಟಿಯೇ ನಿಯಮದಲ್ಲಿದೆ. ಅಂಥವು ಬೆರೆತ, ಹೊಟ್ಟೆಗೆ ತೆಗೆದುಕೊಳ್ಳುವ ಮದ್ದಿನ ಚೀಟಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕು. ಕಾರ್ಖಾನೆಯ ಶುಚಿತ್ವ, ಕಚ್ಚಾವಸ್ತುಗಳ ಪರೀಕ್ಷೆಯ ನಿಯಮ 2000ದಲ್ಲಿ ಬಂತು. ಗಿಡಮೂಲಿಕೆ ಮದ್ದುಗಳನ್ನು ಹೊರದೇಶಕ್ಕೆ ಕಳಿಸುವ ಮುನ್ನ ಸೀಸ, ಪಾದರಸದಂಥ ಲೋಹಗಳ ಪರೀಕ್ಷೆ 2006ರಿಂದ ಕಡ್ಡಾಯವಾಯಿತು. ಪರದೇಶದವರಿಗೆ ಮೊದಲು, ಮನೆಯವರಿಗೆ ಆಮೇಲೆ ಎಂಬುದು ನನಗೆ ಸರಿಕಾಣುವುದಿಲ್ಲ.

ನನ್ನ ವಿದ್ಯಾರ್ಥಿಯ ಪುಡಿಯಂಥದ್ದು ಮದ್ದಲ್ಲ, ಪೂರಕ ಆಹಾರ. ಅದು 2006ರ ಆಹಾರ ಸುರಕ್ಷತಾ ಕಾನೂನಿನಡಿ ಬರುತ್ತದೆ. ಅಂಥ ಡಬ್ಬದ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ ಹುಡುಕಿ ನೋಡಿ. ನಾವಿಬ್ಬರೂ ಆ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದೆವು, ಇರಲಿಲ್ಲ.

ನೈಸರ್ಗಿಕವಾದರೆ ಏನೂ ಆಗದು ಎಂಬ ಅವನ ವಾದಕ್ಕೆ ನಾನು ಸರ್ಪಗಂಧದ ಕಥೆ ಹೇಳಿದೆ. 1931ರಲ್ಲಿ ದೆಹಲಿಯ ತಿಬ್ಬಿಯಾ ಸಂಶೋಧನಾಲಯದಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಆ ಬೇರಿನಿಂದ ಒಂದು ಸಾರವನ್ನು ಬೇರ್ಪಡಿಸಿ, ಹಕೀಮರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಎದೆಬಡಿತದ ಒಂದು ಅಪರೂಪದ ದೋಷವನ್ನು ಪತ್ತೆಹಚ್ಚಲು ಇಂದಿಗೂ ಅದನ್ನು ಬಳಸುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಮಾತ್ರ: ರೋಗಿಯನ್ನು ಮಲಗಿಸಿ, ಇ.ಸಿ.ಜಿ. ಯಂತ್ರ ಓಡುತ್ತಿರುವಾಗ, ಪಕ್ಕದಲ್ಲಿ ವೈದ್ಯರು ನಿಂತು, ತೂಕಕ್ಕೆ ತಕ್ಕಷ್ಟೇ ಅಳೆದು.