ಸಹಕಾರಿ ಸಾಲದ ಮೂಲಪುರುಷ ರೈಫೈಸನ್

ಸಂಘದಲ್ಲಿ ಸಾಲ ಕೇಳಲು ಹೋದರೆ ಮೊದಲು ಜಾಮೀನುದಾರರು ಯಾರು ಅಂತ ಕೇಳುತ್ತಾರೆ. ನಮ್ಮ ಮೇಲೆ ನಂಬಿಕೆ ಇಲ್ಲ ಅಂತ ನಾವು ಬೇಸರ ಮಾಡ್ಕೊಳ್ತೇವೆ. ಆದರೆ ಈ ಪದ್ಧತಿ ನಿಂತಿರುವುದೇ ನೆರೆಹೊರೆಯವರ ನಂಬಿಕೆಯ ಮೇಲೆ. ಇದನ್ನು ರೂಢಿಗೆ ತಂದವರಲ್ಲಿ ಜರ್ಮನಿಯ ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಪ್ರಮುಖರು.

ಅವರು ಜನಿಸಿದ್ದು 1818ರ ಮಾರ್ಚ್ 30ರಂದು. ಸೈನ್ಯ ಸೇರಿ, ಕಣ್ಣಿನ ಬೇನೆಯಿಂದ ಅದನ್ನು ಬಿಡಬೇಕಾಯಿತು. 1845ರಲ್ಲಿ ವೈಯರ್‌ಬುಷ್ ಸುತ್ತಿನ ಹಳ್ಳಿಗಳಿಗೆ ಮೇಯರ್ ಆದರು. ನಮ್ಮಲ್ಲಿ ಹಿಂದೆ ಮಂಡಲ ಪ್ರಧಾನರಿದ್ದ ಹಾಗೆ ಅನ್ನಿ. ಮರುವರ್ಷವೇ ಬೆಳೆ ಕೈಕೊಟ್ಟಿತು. ಆ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗಾಲಾದರು. ಸರ್ಕಾರದ ಹಿಟ್ಟೇನೋ ಬಂತು, ನಗದು ಕೊಟ್ಟವರಿಗೆ ಮಾತ್ರ ಎಂಬ ಅಪ್ಪಣೆಯೊಂದಿಗೆ. ಹಸಿದವನ ಹತ್ರ ನಗದು ಎಲ್ಲಿಂದ ಬರಬೇಕು? ರೈಫೈಸನ್ ಉದ್ರಿ ಕೊಟ್ಟೇಬಿಟ್ಟರು. ಉಳ್ಳವರಿಂದ ಹಣ ಕೂಡಿಸಿ ಧಾನ್ಯ ತರಿಸಿದರು, ಊರಲ್ಲೇ ಭಟ್ಟಿ ಕಟ್ಟಿಸಿ ಬಡವರಿಗೆ ಕಡಿಮೆ ಬೆಲೆಗೆ ಬ್ರೆಡ್ಡು ಮಾಡಿಸಿಕೊಟ್ಟರು.

ಮುಂದೆ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗವಾಯಿತು. ಅಲ್ಲಿನ ರೈತರು ದನ ಕೊಳ್ಳಲು ಸಾಲ ಮಾಡಿ ಬಡ್ಡಿಗೆ ಸಿಕ್ಕಿ ಒದ್ದಾಡುತ್ತಿದ್ದರು. 1849ರಲ್ಲಿ ಸಂಘ ಕಟ್ಟಿ ಕಂತಿನ ಮೇಲೆ ದನ ಕೊಡಿಸಿದರು. ಇದೂ ಶ್ರೀಮಂತರ ಕೃಪೆಯಿಂದ ನಡೆದದ್ದೇ. ಹೆಡ್ಡೆಸ್‌ಡಾರ್ಫ್‌ನಲ್ಲಿ 1854ರಲ್ಲಿ ಮತ್ತೊಂದು ಸಂಘ ಮಾಡಿದಾಗ ಎಡವಟ್ಟಾಯಿತು. ಕೊಡುವವರ ಉತ್ಸಾಹ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ದಾನದ ಮೇಲೆ ನಿಂತದ್ದು ಬಹಳ ದಿನ ನಡೆಯೋದಿಲ್ಲ ಅಂತ ರೈಫೈಸನ್ನರಿಗೆ ಮನವರಿಕೆಯಾಯಿತು. ಮನಸ್ಸಿಲ್ಲದೆಯೇ ಒಪ್ಪಿದರು ಅಂತ ಕಾಣುತ್ತೆ.

1864ರಲ್ಲಿ ಅದೇ ಊರಿನಲ್ಲಿ ಸಾಲದ ಸಂಘವನ್ನು ಹೊಸದಾಗಿ ಕಟ್ಟಿದರು. ಸಾಲ ಬೇಕಾದವನು ಸದಸ್ಯನಾಗಲೇಬೇಕು. ಒಬ್ಬ ಮುಳುಗಿಸಿದರೆ ಎಲ್ಲರ ಆಸ್ತಿಯೂ ಹೊಣೆ. ಹಾಗಾಗಿ ಬರಿಗೈ ರೈತರ ಸಂಘಕ್ಕೂ ಹೊರಗಿನವರು ಹಣ ಕೊಡಲು ಮುಂದೆ ಬಂದರು. ಯಾರು ದುಡಿಯುತ್ತಾರೆ, ಯಾರು ಕುಡಿಯುತ್ತಾರೆ ಅಂತ ಒಬ್ಬರಿಗೊಬ್ಬರಿಗೆ ಗೊತ್ತಿರಲಿ ಎಂದೇ ಇಂಥ ಸಂಘಗಳ ವ್ಯಾಪ್ತಿಯನ್ನು ಊರಿನ ಮಟ್ಟಕ್ಕೇ ಇಟ್ಟರು. ಲೆಕ್ಕಿಗನನ್ನು ಬಿಟ್ಟರೆ ಯಾರಿಗೂ ಸಂಬಳವಿಲ್ಲ. ಉಳಿದ ಲಾಭ ಮೀಸಲು ನಿಧಿಗೆ.

ಅಷ್ಟರಲ್ಲಿ ಪತ್ನಿ ತೀರಿಕೊಂಡಿದ್ದರು, ದೃಷ್ಟಿಯೂ ಮಂದವಾಗಿತ್ತು. 1865ರಲ್ಲಿ ಕೆಲಸ ಬಿಟ್ಟರು. ಇವರು ಹೇಳಿದ್ದನ್ನು ಮಗಳು ಅಮಾಲಿಯಾ ಬರೆದುಕೊಳ್ಳುತ್ತಿದ್ದಳು. ಸಾಲ ಸಂಘಗಳ ಬಗ್ಗೆ ಅವರ ಪುಸ್ತಕ 1866ರಲ್ಲಿ ಹೊರಬಂತು. ಮದುವೆಯಾಗದೆ ತಂದೆಯ ಜೊತೆಗೇ ಉಳಿದ ಆ ಮಗಳ ಹೆಸರನ್ನು ಯಾರೂ ಹೇಳೋದಿಲ್ಲ. 1888ರ ಮಾರ್ಚ್ 11ರಂದು ರೈಫೈಸನ್ ನಿಧನರಾದರು.

ಮದರಾಸು ಸರ್ಕಾರ 1892ರಲ್ಲಿ ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯೂರೋಪಿಗೆ ಕಳಿಸಿತು. ರೈಫೈಸನ್ನರಂಥವರು ಇಲ್ಲಿಗೂ ಬೇಕು ಅಂತ ಅವರು ವರದಿ ಕೊಟ್ಟರು. 1904ರಲ್ಲಿ ಕಾಯಿದೆ ಬಂತು. ಮರುವರ್ಷ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಂಘ ಕಟ್ಟಿದರು.